ಬಾಗಿಲು ಕಿತ್ತ ಮೇಲೆ ಸರಿಹೋದ ಹೊರಗಿನ ಅಡುಗೆಮನೆ

ಅವತ್ತು ಬೆಳಿಗ್ಗೆ ಬೆಂಕಿಪೊಟ್ಟಣ ತೆಗೆಯಲು ಕಟ್ಟೆಯ ಕೆಳಗಿನ ಬಾಗಿಲು ಎಳೆದೆ. ಬಾಗಿಲು ಕೈಗೇ ಬಂತು. ಮೇಲಿನ ಕೀಲು ಹೇಗೋ ಹಿಡಿದುಕೊಂಡಿತ್ತು, ಕೆಳಗಿನದು ತುಕ್ಕು ಹಿಡಿದು ಪುಡಿಯಾಗಿತ್ತು. ಒಳಗಿಂದ ಗಪ್ಪಂತ ಮುಗ್ಗಲು ವಾಸನೆ. ತಳದ ಹಲಗೆಯ ಅಂಚು ಉಬ್ಬಿ ಲ್ಯಾಮಿನೇಟ್ ಬಾಯಿ ಬಿಟ್ಟಿತ್ತು. ಉಪ್ಪಿನ ಡಬ್ಬಿಯಲ್ಲಿ ಉಪ್ಪಿಗಿಂತ ನೀರೇ ಜಾಸ್ತಿ. ಕಡ್ಡಿ ಗೀರಿದರೆ ಅದರ ಮದ್ದು ಮೆತ್ತಗಾಗಿ ಪೊಟ್ಟಣಕ್ಕೆ ಅಂಟಿಕೊಂಡಿತು. ಮನೆಯ ಹಿಂದೆ ಈ ಅಡುಗೆಮನೆ ಮಾಡಿಸಿ ಆಗ ಇನ್ನೂ ಹದಿನಾಲ್ಕು ತಿಂಗಳು. ಒಂದೇ ಒಂದು ಮಳೆಗಾಲ ಕಳೆದಿತ್ತು.

ನನ್ನನ್ನು ಕೆಣಕಿದ್ದು ಏನಂದರೆ, ಆ ಕಪಾಟಿನೊಳಗೆ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ.

ಈಗ ಇದಕ್ಕೆ ನಾಲ್ಕು ವರ್ಷ. ದಿನಕ್ಕೆ ಎರಡು ಹೊತ್ತು ಇಲ್ಲೇ ಅಡುಗೆ. ಒಲೆ ಎಷ್ಟು ಬರ್ನರಿನದು, ಸಿಂಕ್ ಎಷ್ಟು ಅಗಲದ್ದು ಅಂತೆಲ್ಲ ಬರೆಯಲು ಹೋಗಲ್ಲ, ಅವು ಎಲ್ಲ ಕ್ಯಾಟಲಾಗ್‌ನಲ್ಲೂ ಇರುತ್ತವೆ. ಸೆಕೆ ಮತ್ತು ತೇವ ಎರಡೂ ಇರುವ ಕಡೆ ಇಂಥದ್ದೊಂದು ಕಟ್ಟಿಸುವವರಿಗೆ ಆ ಬಾಗಿಲುಗಳ ಕಥೆಯೇ ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಮಾಡಿಕೊಟ್ಟವರು ಒಳಗಿನ ಮಾಡ್ಯುಲರ್ ಕಿಚನ್ನನ್ನೇ ಎತ್ತಿ ಹೊರಗಿಟ್ಟಿದ್ದರು, ಅಷ್ಟೇ. ಕಟ್ಟೆಯ ಕೆಳಗೆ ಐದು ಕಪಾಟು, ಐದಕ್ಕೂ ರಬ್ಬರ್ ಪಟ್ಟಿ ಹಾಕಿದ ಗಟ್ಟಿ ಬಾಗಿಲು. "ಒಳಗೆ ಧೂಳೂ ಹೋಗಲ್ಲ ಸರ್, ನೀರೂ ಹೋಗಲ್ಲ" ಅಂದಿದ್ದರು. ಅದು ಸುಳ್ಳಲ್ಲ. ಆದರೆ ಗಾಳಿಯೂ ಹೋಗಲ್ಲ. ಹಗಲು ಬಾಗಿಲು ತೆಗೆದಾಗಲೆಲ್ಲ ತೇವದ ಗಾಳಿ ಒಳಗೆ ಸೇರುತ್ತೆ. ರಾತ್ರಿ ಕಲ್ಲು, ಸ್ಟೀಲು ಎರಡೂ ತಣ್ಣಗಾಗುತ್ತವೆ. ತಣ್ಣೀರಿನ ಲೋಟದ ಹೊರಮೈ ಬೆವರುತ್ತಲ್ಲ, ಹಾಗೇ ಕಪಾಟಿನ ಒಳಮೈ ಬೆವರುತ್ತೆ. ಬೆಳಗಾದ ಮೇಲೆ ಆ ನೀರು ಆರಬೇಕಂದರೆ ದಾರಿ ಬೇಕಲ್ಲ? ದಾರಿಯನ್ನು ನಾವೇ ದುಡ್ಡು ಕೊಟ್ಟು ರಬ್ಬರ್ ಹಾಕಿಸಿ ಮುಚ್ಚಿದ್ದೆವು.

ತುಕ್ಕಿನದು ಬೇರೆಯೇ ತಕರಾರು. "304 ಸ್ಟೀಲು, ತುಕ್ಕೇ ಹಿಡಿಯಲ್ಲ" ಅನ್ನುವ ಮಾತು ನಂಬಿ ಬಜೆಟ್‌ನ ದೊಡ್ಡ ಪಾಲು ಅಲ್ಲಿಗೇ ಸುರಿದಿದ್ದೆ. ಬಾಗಿಲಿನ ತಗಡು ನಿಜಕ್ಕೂ 304. ಅದರಲ್ಲಿ ಸುಮಾರು 18 ಶೇಕಡ ಕ್ರೋಮಿಯಂ, 8 ಶೇಕಡ ನಿಕಲ್ ಇರುತ್ತೆ. ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ಒಂದು ತೆಳು ಪದರ ತಾನಾಗೇ ಕಟ್ಟಿಕೊಂಡು ಲೋಹವನ್ನು ಕಾಯುತ್ತೆ. ಆದರೆ ಕೀಲು? ಸ್ಕ್ರೂ? ಫ್ರಿಜ್ ಮೇಲೆ ಅಂಟಿಸಿದ್ದ ಮ್ಯಾಗ್ನೆಟ್ ತಂದು ಒಂದೊಂದಕ್ಕೂ ಹಿಡಿದೆ. ತಗಡಿಗೆ ಅಂಟಲಿಲ್ಲ. ಸ್ಕ್ರೂಗಳಿಗೆ ಟಕ್ ಅಂತ ಕಚ್ಚಿಕೊಂಡಿತು. ಅವು ಬರೀ ಮೇಲೆ ಹೊಳಪು ಕೊಟ್ಟ ಕಬ್ಬಿಣ. ಒಂದೊಂದು ಸ್ಕ್ರೂ ಕೆಳಗೂ ಕಂದು ಬಣ್ಣದ ಗೆರೆ ಇಳಿದಿತ್ತು, ಅತ್ತ ಮುಖದ ಹಾಗೆ. ಲಕ್ಷಣವಾದ ಬಾಗಿಲನ್ನು ಹಿಡಿದಿದ್ದು ಕಡಲೆಬೀಜದಷ್ಟು ಗಾತ್ರದ ಕಳಪೆ ಮಾಲು.

ಈ ಪರೀಕ್ಷೆಯನ್ನೂ ಪೂರ್ತಿ ನಂಬಬೇಡಿ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿದ 201 ಅನ್ನುವ ಅಗ್ಗದ ಸ್ಟೀಲಿಗೂ ಮ್ಯಾಗ್ನೆಟ್ ಅಂಟಲ್ಲ, ಆದರೆ ಅದು 304ಗಿಂತ ಬೇಗ ತುಕ್ಕು ಹಿಡಿಯುತ್ತೆ. ಬಿಲ್‌ನಲ್ಲಿ ಗ್ರೇಡ್ ಬರೆಸಿಕೊಳ್ಳಿ, ಸ್ಕ್ರೂ, ಕೀಲುಗಳದ್ದೂ ಸೇರಿಸಿ. ಸಮುದ್ರದ ಗಾಳಿ ತಾಗುವ ಕಡೆ ಇದ್ದರೆ 316 ಕೇಳಿ. ಅದರಲ್ಲಿ ಎರಡು ಮೂರು ಶೇಕಡ ಮಾಲಿಬ್ಡಿನಮ್ ಇರುತ್ತೆ, ಉಪ್ಪಿನ ಗಾಳಿಯನ್ನು ಚೆನ್ನಾಗಿ ತಡೆಯುತ್ತೆ.

ನನ್ನ ತಪ್ಪೂ ಇದೆ. ಸಿಂಕಿನ ಅಂಚಲ್ಲಿ ಕಂದು ಕಲೆ ಕಂಡಾಗ ಗಾಬರಿಯಾಗಿ ಕಬ್ಬಿಣದ ನಾರು ಹಾಕಿ ಉಜ್ಜಿದೆ. ಕಲೆ ಹೋಯಿತು. ಹದಿನೈದು ದಿನಕ್ಕೆ ಹತ್ತು ಕಲೆ ಬಂತು. ನಾರಿನ ಕಬ್ಬಿಣದ ಚೂರು ಸ್ಟೀಲಿನ ಮೈಯಲ್ಲೇ ಉಳಿದು ಅವೇ ತುಕ್ಕು ಹಿಡಿದಿದ್ದವು. ಆಮೇಲೆ ಬೂಷ್ಟಿಗೆ ಅಂತ ಬ್ಲೀಚ್ ಸುರಿದೆ. ಅದರ ಕ್ಲೋರಿನ್ನೂ ಸ್ಟೀಲಿಗೆ ಆಗಲ್ಲ, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿ ಬಿದ್ದಿದೆ. ಈಗ ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ.

ಬಾಗಿಲು ಕೈಗೆ ಬಂದ ದಿನ ಮಾಡಿಕೊಟ್ಟವರಿಗೆ ಫೋನ್ ಮಾಡಿ ಕೂಗಾಡಿದೆ. "ಹೊಸ ಕೀಲು ಹಾಕಿಕೊಡ್ತೀವಿ ಸರ್" ಅಂದರು. ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ ಅಮ್ಮ ಒಂದೇ ಮಾತು ಕೇಳಿದರು. "ಆ ಬಾಗಿಲು ಯಾತಕ್ಕೋ ಬೇಕು? ಒಳಗೆ ಏನು ಚಿನ್ನ ಇಟ್ಟಿದ್ದೀಯಾ?"

ಮಧ್ಯಾಹ್ನದೊಳಗೆ ಐದೂ ಬಾಗಿಲು ಕಿತ್ತೆ. ತಳದ ಹಲಗೆಗಳನ್ನೂ ತೆಗೆದೆ. ಅವುಗಳ ಜಾಗಕ್ಕೆ 304ರ ಸರಳಿನ ಜಾಲರಿ ಹಾಕಿಸಿದೆ. ಪಾತ್ರೆಯ ನೀರು ಸೋರಿ ನೇರ ನೆಲಕ್ಕೆ ಬೀಳುತ್ತೆ. ಕೆಳಗಿನ ಜಾಲರಿ ನೆಲದಿಂದ ಒಂದು ಗೇಣು ಮೇಲಿದೆ, ಪೊರಕೆ ಆಡುತ್ತೆ, ನೀರು ಹಾಕಿ ತೊಳೆಯಬಹುದು. ನೋಡೋಕೆ ಮೊದಲಿನಷ್ಟು ನೀಟಾಗಿಲ್ಲ, ಒಪ್ಪಿಕೊಳ್ಳುತ್ತೇನೆ. ಹಲ್ಲಿ ಓಡಾಡುತ್ತೆ, ಪಾತ್ರೆಗಳನ್ನು ಬೋರಲು ಹಾಕಿಡಬೇಕು. ಆದರೆ ಆಮೇಲೆ ಮೂರು ಮಳೆಗಾಲ ಕಳೆದಿವೆ, ಆ ವಾಸನೆ ಮತ್ತೆ ಬಂದಿಲ್ಲ.

ಬಾಗಿಲು ಕಿತ್ತಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ. ಸಿಲಿಂಡರ್ ಇಟ್ಟಿದ್ದ ಕಪಾಟಿಗೆ ಗಾಳಿಯಾಡಲು ತೂತು ಬಿಟ್ಟಿದ್ದರು, ಆದರೆ ಮೇಲುಗಡೆ ಮಾತ್ರ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ. ಪ್ರೊಪೇನ್ ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು. ಸೋರಿದರೆ ಮೇಲೆ ಹೋಗಲ್ಲ, ತಳದಲ್ಲಿ ನೀರಿನ ಹಾಗೆ ನಿಲ್ಲುತ್ತೆ. ಹದಿನಾಲ್ಕು ತಿಂಗಳು ಆ ಮುಚ್ಚಿದ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ದಿನಾ ಒಲೆ ಹಚ್ಚಿದ್ದೇನೆ. ನೀವು ಬಾಗಿಲು ಇಟ್ಟುಕೊಂಡರೂ ಸರಿ, ಸಿಲಿಂಡರ್ ಇರುವ ಕಡೆ ನೆಲಮಟ್ಟದಲ್ಲಿ ತೂತು ಇರಲೇಬೇಕು.

ಹೊರಗಿಟ್ಟ ಫ್ರಿಜ್ ಬಗ್ಗೆ ಜಾಸ್ತಿ ಹೇಳಲ್ಲ. ಮನೆಯೊಳಗಿನ ಹಳೇ ಫ್ರಿಜ್ಜನ್ನೇ ಹೊರಗೆ ತಂದಿದ್ದೆ. ಬೇಸಿಗೆ ಪೂರ್ತಿ ಕಂಪ್ರೆಸರ್ ನಿಲ್ಲದೆ ಗೊರಗುಟ್ಟಿತು. ಆಮೇಲೆ ಹಿಂದಿನ ಸ್ಟಿಕರ್ ನೋಡಿದರೆ ಕ್ಲೈಮೇಟ್ ಕ್ಲಾಸ್ 'ಎನ್' ಅಂತಿದೆ, ಅಂದರೆ ಸುತ್ತಲಿನ ಬಿಸಿ 32 ಡಿಗ್ರಿ ದಾಟದ ಜಾಗಕ್ಕೆ ಮಾಡಿದ್ದು. 'ಟಿ' ಅಂತಿದ್ದರೆ 43 ಡಿಗ್ರಿವರೆಗೆ ತಡೆಯುತ್ತೆ. ವಾಪಸ್ ಒಳಗೆ ಇಟ್ಟೆ.

ಫ್ಯಾನ್ ವಿಷಯದಲ್ಲಿ ಪೆದ್ದುತನ ನನ್ನದೇ. ಒಲೆಯ ನೆತ್ತಿ ಮೇಲೇ ಹಾಕಿಸಿದೆ. ಫ್ಯಾನ್ ಹಾಕಿದರೆ ಉರಿ ಪಾತ್ರೆ ಬಿಟ್ಟು ಪಕ್ಕಕ್ಕೆ ವಾಲುತ್ತೆ, ಆರಿಸಿದರೆ ಸೊಳ್ಳೆ. ಈಗ ಅದನ್ನು ಹೆಚ್ಚುವ ಕಟ್ಟೆಯ ಕಡೆ ಸರಿಸಿದ್ದೇನೆ. ಬೆವರೂ ಆರುತ್ತೆ, ಸೊಳ್ಳೆಯೂ ಹತ್ತಿರ ಬರಲ್ಲ, ಉರಿಯೂ ನೆಟ್ಟಗಿರುತ್ತೆ. ಬಿಳಿ ದೀಪ ತೆಗೆದು ಹಳದಿ ಹಾಕಿದ ಮೇಲೆ ಹುಳಗಳ ಕಾಟವೂ ಇಳಿಯಿತು. ಸೂರು ಮಾತ್ರ ಎರಡೇ ಅಡಿ ಚಾಚಿತ್ತು, ಎರಚಲು ಸೀದಾ ಬರ್ನರಿಗೇ ಬಡಿಯುತ್ತಿತ್ತು. ಇನ್ನೂ ಒಂದೂವರೆ ಅಡಿ ಮುಂದಕ್ಕೆ ಎಳೆಸಿದೆ. ಸುಮ್ನೆ ಮೊದಲೇ ಮಾಡಿಸಿದ್ದರೆ ಅರ್ಧ ಖರ್ಚಲ್ಲಿ ಮುಗೀತಿತ್ತು.

ಇಷ್ಟೆಲ್ಲ ಬೈದು, ದಿನಾ ಬೆಳಿಗ್ಗೆ ಐದೂವರೆಗೆ ಅಲ್ಲಿಗೇ ಯಾಕೆ ಹೋಗಿ ನಿಲ್ಲುತ್ತೀಯಾ ಅಂದರೆ, ಅದಕ್ಕೂ ಉತ್ತರ ಇದೆ.

ಉಪ್ಪು, ಬೆಂಕಿಪೊಟ್ಟಣ, ಚಾಕು, ಮಸಾಲೆ ಡಬ್ಬಿ, ಒರೆಸೋ ಬಟ್ಟೆ, ಇವೆಲ್ಲ ರಾತ್ರಿ ಮನೆಯೊಳಗೆ ಮಲಗುತ್ತವೆ. ಒಂದು ದೊಡ್ಡ ತಟ್ಟೆ ಇದಕ್ಕೇ ಮೀಸಲು. ಬೆಳಿಗ್ಗೆ ಆ ತಟ್ಟೆ ಹಿಡಿದು ಹಿಂಬಾಗಿಲು ತೆಗೆದರೆ ಕಟ್ಟೆಯ ಮೇಲೆ ಇಬ್ಬನಿ ಕೂತಿರುತ್ತೆ. ವೈಪರ್ ತಗೊಂಡು ಗೋಡೆ ಕಡೆಯಿಂದ ನನ್ನ ಕಡೆಗೆ ಮೂರು ಸಲ ಎಳೆಯುತ್ತೇನೆ. ಹನಿಗಳೆಲ್ಲ ಒಂದಾಗಿ ಅಂಚಿಗೆ ಬಂದು ಕಾಲ ಬಳಿ ಸುರಿಯುತ್ತವೆ. ಆಮೇಲೆ ಹಳೇ ಕಾಟನ್ ಬಟ್ಟೆಯಿಂದ ಒಂದು ಒರೆಸು. ಬರ್ನರ್ ಮುಚ್ಚಳಗಳನ್ನು ರಾತ್ರಿಯೇ ತೆಗೆದು ಜಾಲರಿ ಮೇಲೆ ಬೋರಲು ಇಟ್ಟಿರುತ್ತೇನೆ. ಅವನ್ನು ಎತ್ತಿ ಊದಿ, ತೂತುಗಳಲ್ಲಿ ನೀರಿಲ್ಲ ಅಂತ ನೋಡಿ, ಕೂರಿಸಬೇಕು. ಕಿಡಿ ಹೊಡೆಯುವ ಬಿಳಿ ಕಡ್ಡಿಯನ್ನು ಬಟ್ಟೆಯ ತುದಿಯಿಂದ ಒರೆಸಬೇಕು. ಅದು ಒದ್ದೆ ಇದ್ದರೆ ಕಿಡಿ ಬರ್ನರಿಗೆ ಹಾರದೆ ಪಕ್ಕಕ್ಕೇ ಸೋರಿ ಹೋಗುತ್ತೆ, ಬರೀ ಟಿಕ್ ಟಿಕ್ ಅಂತ ಸದ್ದು. ಒರೆಸಿದರೆ ಮೊದಲ ತಿರುವಿಗೇ ಭಗ್ ಅಂತ ಹತ್ತುತ್ತೆ. ಮೊದಮೊದಲು ಇದೆಲ್ಲ ಕಿರಿಕಿರಿ ಅನಿಸುತ್ತಿತ್ತು. ಈಗ ಊರಿಗೆ ಹೋಗಿ ಬೇರೆಯವರ ಮನೆಯಲ್ಲಿ ಎದ್ದರೆ ಕೈ ವೈಪರ್ ಹುಡುಕುತ್ತೆ.

ಇನ್ನೊಂದು ನಾನು ಎಣಿಸಿಯೇ ಇರಲಿಲ್ಲ. ಮನೆಯ ಒಳಗೆ ಗೋಡೆ ಒಣಗಿತು. ಮೊದಲು ಮಳೆಗಾಲದಲ್ಲಿ ಒಳಗಿನ ಅಡುಗೆಮನೆಯ ಮೂಲೆಯಲ್ಲಿ ಕರಿ ಬೂಷ್ಟು ಬರುತ್ತಿತ್ತು, ಸೋರಿಕೆ ಅಂತ ಎರಡು ಸಲ ಗಾರೆಯವರನ್ನು ಕರೆಸಿದ್ದೆವು. ಸೋರಿಕೆ ಎಲ್ಲೂ ಇರಲಿಲ್ಲ. ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗಿಂತ ಜಾಸ್ತಿ ನೀರಾವಿ ಹುಟ್ಟುತ್ತೆ. ಪಾತ್ರೆಯಿಂದ ಏಳುವ ಹಬೆ ಇದಕ್ಕೆ ಬೇರೆ. ಅಷ್ಟನ್ನೂ ನಾವೇ ದಿನಾ ಒಳಗೆ ಬಿಡುತ್ತಿದ್ದೆವು. ಒಲೆ ಹೊರಗೆ ಹೋದ ಮೇಲೆ ಆ ಮೂಲೆಗೆ ಬಳಿದ ಬಣ್ಣ ಹಾಗೇ ಉಳಿದಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಒಳಗೆ ಮೊದಲಿನಷ್ಟು ಸೆಕೆಯೂ ಇಲ್ಲ.

ಜೋರು ಮಳೆ ಬರುವಾಗ ಉದ್ದವಾದ ಸೂರಿನ ಕೆಳಗೆ ಏನಾದರೂ ಹುರಿಯುತ್ತಾ ನಿಲ್ಲುವುದಂತೂ ಬೇರೆಯೇ ಖುಷಿ. ತಗಡಿನ ಮಾಡಿನ ಮೇಲೆ ಎಷ್ಟು ಸದ್ದೆಂದರೆ, ಒಳಗಿಂದ ಹೆಂಡತಿ "ಇನ್ನೂ ಎಷ್ಟೊತ್ತು ರೀ?" ಅಂತ ಕೂಗಿದ್ದು ಕೇಳಿಸಲೇ ಇಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಐದಕ್ಕೆ ಎಷ್ಟು ಅಂಕ ಅಂತ ಕೇಳಿದರೆ, ಮಾಡಿಕೊಟ್ಟ ದಿನದ ಅಡುಗೆಮನೆಗೆ ಎರಡು. ಇವತ್ತಿನದಕ್ಕೆ ನಾಲ್ಕು. ಉಳಿದ ಒಂದನ್ನು ಕಟ್ಟೆಯ ಕಲ್ಲು ತಿಂದಿತು. ಕಪ್ಪು ಕಲ್ಲು ಹಾಕಿಸಿದ್ದೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಂತ. ಮಧ್ಯಾಹ್ನ ಬಿಸಿಲು ಓರೆಯಾಗಿ ಬಿದ್ದಾಗ ಅದರ ಮೇಲೆ ಅಂಗೈ ಇಡಲಾಗಲ್ಲ. ಜೊತೆಗೆ ಸಮತಟ್ಟಾಗಿ ಕೂರಿಸಿದ್ದಾರೆ. ಮುಂದಕ್ಕೆ ಮೀಟರಿಗೆ ಒಂದೆರಡು ಸೆಂಟಿಮೀಟರ್ ಇಳಿಜಾರು ಕೊಟ್ಟಿದ್ದರೆ ನೀರು ತಾನೇ ಹರಿದು ಹೋಗುತ್ತಿತ್ತು. ಈಗ ಗೋಡೆಯ ಮೂಲೆಯಲ್ಲಿ ಅಂಗೈ ಅಗಲದ ಒಂದು ಹೊಂಡ ನಿಲ್ಲುತ್ತೆ, ದಿನಾ ಬೆಳಿಗ್ಗೆ ಇರುವೆಗಳು ಅದರ ಸುತ್ತ ಸಾಲು ಕಟ್ಟಿರುತ್ತವೆ. ಆ ಮೂಲೆಗೆ ವೈಪರ್ ಹೋಗಲ್ಲ. ಬಟ್ಟೆ ಹಿಂಡಿ ಹಿಂಡಿ ತೆಗೆಯಬೇಕು.