ದಾವಣಗೆರೆ ಪೇಟೆಯಲ್ಲಿ ತಿನ್ನೋಕೆ ಎಲ್ಲಿಗೆ ಹೋಗಬೇಕು?

ಹೊರಗಿನಿಂದ ಬಂದವರು ಮೊದಲು ಕೇಳುವುದು, ಬೆಣ್ಣೆ ದೋಸೆಗೆ ಯಾವ ಹೋಟೆಲ್ ಒಳ್ಳೇದು ಅಂತ. ಬೋರ್ಡ್ ಬಿಡಿ, ಒಲೆ ನೋಡಿ ಅಂತೀನಿ ನಾನು. ಸೌದೆ ಉರಿಯುತ್ತಿದ್ದರೆ ಒಳಗೆ ಹೋಗಿ ಕೂರಿ.

ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ತಿಂಡಿ ಹೆಚ್ಚಾಗಿ ಪೇಟೆಯಲ್ಲೇ. ಭಟ್ಟರು ಕಾದ ಹಂಚಿಗೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುತ್ತಾರೆ. ಅಂಗೈಗಿಂತ ಸ್ವಲ್ಪ ದೊಡ್ಡದಾಗಿ, ಕೊಂಚ ದಪ್ಪಗೆ ದೋಸೆ ಹುಯ್ಯುತ್ತಾರೆ. ಮೇಲೆ ಬಿಳಿ ಬೆಣ್ಣೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಹಿಟ್ಟಿಗೆ ಮಂಡಕ್ಕಿ ಸೇರಿಸುವುದರಿಂದ ಆ ಮೆತ್ತಗಿನ ಹದ ಬರುತ್ತದೆ. ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ತೆಳ್ಳಗಿನ ಕಾಯಿ ಚಟ್ನಿ. ಅಷ್ಟೇ. ಚಟ್ನಿಯಲ್ಲಿ ಹಸಿಮೆಣಸಿನಕಾಯಿ ಖಾರ ಇಲ್ಲದಿದ್ದರೆ ಎಷ್ಟು ಬೆಣ್ಣೆ ಸುರಿದರೂ ಆ ದೋಸೆಗೆ ರುಚಿ ಇಲ್ಲ.

ಹೋದ ತಿಂಗಳು ಮುಖ್ಯರಸ್ತೆಯ ಒಂದು ಹೊಸ ಎ.ಸಿ. ಹೋಟೆಲ್‌ನಲ್ಲಿ ಬೆಣ್ಣೆ ದೋಸೆ ಜೊತೆ ಸಾಂಬಾರ್ ಇಟ್ಟರು. ದಾವಣಗೆರೆಯಲ್ಲೇ ಹೀಗಾದರೆ ಹೇಗೆ? ಪಲ್ಯ ಬೇರೆ ಹಳದಿ. ಕುರ್ಚಿ ಮೆತ್ತಗಿತ್ತು, ಸರ್ವರ್ ಒಳ್ಳೆಯ ಹುಡುಗ, ಆದರೂ ಮತ್ತೆ ಅಲ್ಲಿಗೆ ಹೋಗಲ್ಲ.

ಈ ದೋಸೆ ಇಲ್ಲಿ ಬೇರೂರಿದ್ದು ಚೆನ್ನಮ್ಮ ಅನ್ನುವ ತಾಯಿಯಿಂದ. 1928ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬಂದು, ವಸಂತ ಟಾಕೀಸ್ ಹತ್ತಿರ ರಾಗಿ ದೋಸೆ ಹಾಕಿ ಮಾರಿದರು. ಅಕ್ಕಿ ಹಿಟ್ಟು, ಬೆಣ್ಣೆ ಬಂದದ್ದು ಆಮೇಲೆ, ಮಕ್ಕಳ ಕಾಲಕ್ಕೆ. ಊರಲ್ಲಿ ಹತ್ತಿ ಮಿಲ್ಲುಗಳು ಬೆಳೆದವು, ದೋಸೆಗೆ ಗಿರಾಕಿ ಜಾಸ್ತಿಯಾದರು. ನಮ್ಮಪ್ಪ ಮಿಲ್ಲಿನಲ್ಲಿದ್ದವರು. ರಾತ್ರಿ ಪಾಳಿ ಮುಗಿಸಿದವರೆಲ್ಲ ನೇರ ದೋಸೆ ಹೋಟೆಲ್‌ಗೇ ಬರುತ್ತಿದ್ದರಂತೆ. ಆ ಮಿಲ್ಲುಗಳು ಮುಚ್ಚಿದವು, ಸೌದೆ ಒಲೆಗಳೂ ಒಂದೊಂದಾಗಿ ಗ್ಯಾಸಿಗೆ ಬದಲಾಗುತ್ತಿವೆ. ಹೊಗೆಯಲ್ಲಿ ದಿನವಿಡೀ ನಿಲ್ಲುವ ಭಟ್ಟರ ಕಷ್ಟವೂ ಸಣ್ಣದಲ್ಲ, ಅದು ನನಗೆ ಗೊತ್ತು. ಆದರೆ ಕೆಂಡದ ಮೇಲೆ ಬೆಂದ ದೋಸೆಯ ಘಮ ಗ್ಯಾಸಿನಲ್ಲಿ ಬರಲ್ಲ.

ಮಧ್ಯಾಹ್ನಕ್ಕೆ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ರೊಟ್ಟಿ ಬಡಿಯುವ ಸದ್ದು ಕೇಳುವಂಥ ಕಡೆ ಕೂತರೆ ಸಾಕು.

ಸಂಜೆ ಮಾತ್ರ ದೋಸೆ ಬೇಡ, ಜಯದೇವ ಸರ್ಕಲ್ ಕಡೆಗೋ ರಾಮ್ ಅಂಡ್ ಕೋ ಸರ್ಕಲ್ ಕಡೆಗೋ ಹೋಗಿ. ಮಂಡಕ್ಕಿ, ಜೊತೆಗೆ ಮಿರ್ಚಿ. ಮಂಡಕ್ಕಿ ನಮ್ಮೂರ ಭಟ್ಟಿಗಳಲ್ಲಿ ಹುರಿದದ್ದೇ, ಹಲ್ಲಿಗೆ ಸಿಕ್ಕರೆ ಕರ್ ಅನ್ನಬೇಕು. ಕಲಸಿಟ್ಟದ್ದನ್ನು ಕೊಟ್ಟರೆ ತಗೋಬೇಡಿ, ಎದುರಿಗೇ ಈರುಳ್ಳಿ ಹೆಚ್ಚಿ ಕಲಸಿಸಿಕೊಳ್ಳಿ. ಮಿರ್ಚಿ ಬಾಣಲೆಯಿಂದ ಎತ್ತಿದ್ದೇ ಬೇಕು ಅನ್ನಿ, ಎರಡು ನಿಮಿಷ ಕಾಯಬೇಕಾದರೂ ಪರವಾಗಿಲ್ಲ.

ರೈಲಿಗೆ ಹೊತ್ತಾಯ್ತು ಅಂತ ದೋಸೆ ಪಾರ್ಸಲ್ ಮಾತ್ರ ಕಟ್ಟಿಸಬೇಡಿ. ಪ್ಲಾಸ್ಟಿಕ್ ಹಾಳೆಯಲ್ಲಿ ಬೆವರಿ ಮುದ್ದೆಯಾಗುತ್ತದೆ. ಕಟ್ಟಿಸುವುದಾದರೆ ಒಣ ಮಂಡಕ್ಕಿ ಕಟ್ಟಿಸಿ, ಊರು ಮುಟ್ಟಿದ ಮೇಲೂ ಗರಿಯಾಗೇ ಇರುತ್ತದೆ.