ಫ್ಯಾಕ್ಟರಿ ಸೀಲ್ಡ್ ಹೇಳಿ ಹಳೇ ಕಿಟ್ ಮಾರುವವರ ಬಗ್ಗೆ ಜಾಗ್ರತೆ ಮಾರಾಯ್ರೆ

ದೊಡ್ಡ ಸೈಜಿನ ರೇಸ್ ಕಾರ್ ಕಿಟ್ (ಪ್ಲಾಸ್ಟಿಕ್ ತುಂಡು ಜೋಡಿಸಿ ಅಂಟಿಸಿ ಮಾಡುವ ಮಾಡೆಲ್ಲು) ಕಟ್ಟುವ ಮರ್ಲು ಇರುವವರು ಓದಿ, ಬೇರೆಯವರಿಗೆ ಇದ್ರಲ್ಲಿ ಇಷ್ಟು ಮಂಡೆಬಿಸಿ ಮಾಡ್ಲಿಕ್ಕೆ ಎಂತ ಉಂಟು ಅಂತ ಅನ್ನಿಸಬಹುದು. ಜಪಾನಿನ ತಮಿಯಾ ಕಂಪೆನಿಯ 1/12 (ನಿಜವಾದ ಕಾರಿನ ಹನ್ನೆರಡರಲ್ಲಿ ಒಂದು ಪಾಲಿನ ಸೈಜು) ಟಿರೆಲ್ ಪಿ34 ರೇಸ್ ಕಾರು, ಆರು ಚಕ್ರದ್ದು, ಹಳೇ ಸ್ಟಾಕು, ಬಾಕ್ಸ್ ಓಪನ್ನೇ ಮಾಡ್ಲಿಲ್ಲ, ಫ್ಯಾಕ್ಟರಿ ಸೀಲ್ಡ್ ಹೇಳಿ ಒಬ್ಬ ನನ್ನತ್ರ ಹದಿನೆಂಟು ಸಾವಿರ ತಕ್ಕೊಂಡ. ಬಂದದ್ದು ಅರ್ಧ ಕರಗಿದ, ಅರ್ಧ ಕಾಣೆಯಾದ ಕಿಟ್ಟು. ಹೆಸರು ಹಾಕುದಿಲ್ಲ, ಅವ ಹೇಳಿದ ಹೆಸರು ಅವಂದೇ ಅಂತ ನನಗೆ ನಂಬಿಕೆಯೂ ಇಲ್ಲ. ಅವನ ಉಪಾಯ ಎಂತದ್ದು ಅಂತ ಮಾತ್ರ ಹೇಳ್ತೇನೆ, ಅದು ಗೊತ್ತಿದ್ರೆ ಬೇರೆ ಯಾರು ಮಾಡಿದ್ರೂ ಗುರ್ತ ಸಿಗ್ತದೆ.

ಸೆಕೆಂಡ್ ಹ್ಯಾಂಡಿಗೆ ಯಾಕೆ ಹೋದದ್ದು ಅಂತ ಕೇಳುವವರಿಗೆ ಮೊದ್ಲೇ ಹೇಳ್ತೇನೆ. ಕಾಸರಗೋಡು ಬಿಡಿ, ಮಂಗ್ಳೂರಲ್ಲಿ ಕಿಟ್ ಉಂಟಾ ಕೇಳಿದ್ರೂ ನನಗೆ ತೋರಿಸಿದ್ದು ರಿಮೋಟ್ ಕಾರು. ಹೊರದೇಶದಿಂದ ತರಿಸುವ ಅಂದ್ರೆ ಕಸ್ಟಮ್ಸಿನವರ ಪುಸ್ತಕದಲ್ಲಿ ಸ್ಕೇಲ್ ಮಾಡೆಲ್ಲೂ ಮಕ್ಕಳ ಆಟಿಕೆಯೂ ಒಂದೇ ಶೀರ್ಷಿಕೆಯ ಕೆಳಗೆ ಬರುದು. ಆ ಆಟಿಕೆ ಸುಂಕವನ್ನು 2020ರ ಬಜೆಟ್ಟಲ್ಲಿ ಶೇಕಡಾ 20ರಿಂದ 60ಕ್ಕೆ ಏರಿಸಿದ್ರು, 2023ರಲ್ಲಿ 70 ಮಾಡಿದ್ರು, ಅದರ ಮೇಲೆ ಜಿಎಸ್‌ಟಿ, ಅದರ ಮೇಲೆ ಕೊರಿಯರಿನವನ ಚಾರ್ಜು. ಕಿಟ್ಟಿನ ರೇಟಿಗಿಂತ ಅದನ್ನು ಬಿಡಿಸಿಕೊಳ್ಳುವ ರೇಟೇ ದೊಡ್ಡದಾಗುವಾಗ ದೇಶದೊಳಗೆ ಯಾರಾದ್ರೂ ಅಟ್ಟದಿಂದ ತೆಗೆದು ಮಾರ್ತಾರೆ ಅಂದ್ರೆ ಎಲ್ಲರಿಗೂ ಆಸೆಯೇ. ಈ ವ್ಯಾಪಾರದವರಿಗೆ ಅದು ಸರಿಯಾಗಿ ಗೊತ್ತುಂಟು.

ಮತ್ತೆ ಈ ಪಿ34 ಯಾಕೆ ಅಂದ್ರೆ, ಫಾರ್ಮುಲಾ ಒನ್ನಲ್ಲಿ ಗೆದ್ದ ಆರು ಚಕ್ರದ ಕಾರು ಅಂತ ಇರುದು ಇದೊಂದೇ. ಮುಂದೆ ಹತ್ತಿಂಚು ರಿಮ್ಮಿನ ನಾಲ್ಕು ಪುಟ್ಟ ಚಕ್ರ, ಹಿಂದೆ ದೊಡ್ಡದು ಎರಡು. ಡೆರೆಕ್ ಗಾರ್ಡ್ನರ್ ಮಾಡಿದ ಡಿಸೈನು, ಮುಂದಿನ ಚಕ್ರ ಸಣ್ಣದು ಮಾಡಿ ಮೂತಿಯ ಹಿಂದೆ ಅಡಗಿಸಿದ್ರೆ ಗಾಳಿಗೆ ಅಡ್ಡ ಬರುದಿಲ್ಲ ಅಂತ ಅವನ ಲೆಕ್ಕ. 1976ರ ಜೂನಲ್ಲಿ ಸ್ವೀಡನಿನ ಆಂಡರ್‌ಸ್ಟೋರ್ಪಲ್ಲಿ ಜೋಡಿ ಶೆಕ್ಟರ್ ಫಸ್ಟು, ಪ್ಯಾಟ್ರಿಕ್ ಡೆಪೈಯೇ ಸೆಕೆಂಡು, ಎರಡೂ ಇದೇ ಕಾರಲ್ಲಿ. ಡ್ರೈವರಿಗೆ ಮುಂದಿನ ಪುಟ್ಟ ಚಕ್ರ ಕಾಣ್ಬೇಕು ಹೇಳಿ ಕಾಕ್‌ಪಿಟ್ಟಿನ ಪಕ್ಕದಲ್ಲಿ ಸಣ್ಣ ಕಿಟಕಿ ಕೂಡ ಇತ್ತು. 1/12ರಲ್ಲಿ ಕಟ್ಟಿದ್ರೆ ಒಂದಡಿಗಿಂತ ಉದ್ದ ಬರ್ತದೆ, ಹಿಂದೆ ಕಾಸ್‌ವರ್ತ್ ಎಂಜಿನ್ ಪೂರ್ತಿ ಬಯಲಲ್ಲೇ ಕಾಣ್ತದೆ, ಅದಕ್ಕೆ ಪ್ಲಗ್ ವಯರು, ಫ್ಯೂಯಲ್ ಪೈಪು ಎಲ್ಲ ಒಂದೊಂದೇ ಎಳೆಯುದು ಗಮ್ಮತ್ತು. ಎಚಿಂಗ್ ಪಾರ್ಟ್ಸ್ (ತೆಳು ಲೋಹದ ತುಂಡು) ಸೇರಿಸಿ ಕಂಪೆನಿಯವರು ಆಮೇಲೆ ಪುನಃ ಬಿಟ್ಟದ್ದೂ ಉಂಟು, ಇವ ಮಾರಿದ್ದು ಅದಲ್ಲ, ಹಳೇದು.

ಈಗ ವ್ಯಾಪಾರದ ಕತೆ. ಅವ ಕಳ್ಸಿದ ಫೋಟೋ ಎಲ್ಲ ಬಾಕ್ಸಿಂದೇ. ಮೇಲಿಂದ, ಸೈಡಿಂದ, ಪ್ಲಾಸ್ಟಿಕ್ ರ್ಯಾಪ್ ಫಳಫಳ ಹೊಳೆಯುವ ಹಾಗೆ ಲೈಟ್ ಹಾಕಿ ತೆಗೆದದ್ದು. ಒಳಗಿನ ಡೆಕಾಲ್ ಶೀಟು (ನೀರಲ್ಲಿ ನೆನೆಸಿ ಕಾರಿಗೆ ಅಂಟಿಸುವ ಅಕ್ಷರ, ಗೆರೆಯ ಸ್ಟಿಕ್ಕರು), ಟಯರಿನ ಚೀಲ ಒಮ್ಮೆ ತೋರಿಸಿ ಅಂತ ಕೇಳಿದೆ. "ಸೀಲ್ ಒಡೆದ್ರೆ ವ್ಯಾಲ್ಯೂ ಹೋಗ್ತದಲ್ವಾ ಸಾರ್, ನಿಮಗೇ ಲಾಸು" ಅಂದ. ಅವನ ಉಪಾಯ ಪೂರ್ತಿ ಈ ಒಂದು ಮಾತಲ್ಲುಂಟು. ಸೀಲ್ ಇದೆ ಅನ್ನುದೇ ಒಳಗೆ ತೋರಿಸದೆ ಇರ್ಲಿಕ್ಕೆ ಕಾರಣ, ಒಳಗೆ ತೋರಿಸದೆ ಇದ್ರೂ ನಂಬ್ಲಿಕ್ಕೆ ಅದೇ ಕಾರಣ. ಜಪಾನಿನ ಕಿಟ್ಟುಗಳಿಗೆ ಹೆಚ್ಚಾಗಿ ಬಾಕ್ಸಿನ ಹೊರಗೆ ರ್ಯಾಪೇ ಇರುದಿಲ್ಲ, ಒಳಗಿನ ಒಂದೊಂದು ಪ್ಲಾಸ್ಟಿಕ್ ಚೀಲಕ್ಕೆ ಮಾತ್ರ ಸೀಲು. ಹೊರಗೆ ಸುತ್ತಿದ್ದು ಯಾವುದೋ ದೇಶದ ಹಂಚಿಕೆದಾರನೋ ಅಂಗಡಿಯವನೋ ಆಗಿರ್ತಾನೆ, ಅಥವಾ ಇಂಥ ಪುಣ್ಯಾತ್ಮ ಮೊನ್ನೆ ರಾತ್ರಿ ಸುತ್ತಿರ್ತಾನೆ. ಬೇಕರಿಯವರು ಸ್ವೀಟ್ ಬಾಕ್ಸಿಗೆ ಸುತ್ತುವ ಶೀಟು, ಬಿಸಿಗಾಳಿಯ ಗನ್ನು, ಇಷ್ಟಿದ್ರೆ ಸಾಕು.

ಪಾರ್ಸೆಲ್ ಬಂದದ್ದು ಆಟಿ ತಿಂಗಳಲ್ಲಿ, ಜಡಿಮಳೆ, ಕೊರಿಯರಿನವ ನೀರ್ಚಾಲಿಗೆ ಬಂದು ತಕ್ಕೊಂಡು ಹೋಗಿ ಅಂದ, ತಂದೆ. ಹೊರಗಿನ ರಟ್ಟು ಚಂಡಿ, ಒಳಗೆ ಒಣಗಿಯೇ ಇತ್ತು, ಅದು ಸುಳ್ಳು ಹೇಳ್ಲಿಕ್ಕಾಗುದಿಲ್ಲ. ರ್ಯಾಪ್ ಕೊಯ್ಯುವ ಮೊದ್ಲು ಮೂಲೆಯ ಮಡಿಕೆಯಲ್ಲಿ ಒಂದು ಕಪ್ಪು ಇರುವೆ ಕಂಡಿತು, ಪ್ಲಾಸ್ಟಿಕ್ಕಿನ ಒಳಗೆ, ಚಪ್ಪಟೆ ಆಗಿ, ಕಾಲು ಮೀಸೆ ಎಲ್ಲ ಸರಿಯಾಗಿ ಉಂಟು. ನಲ್ವತ್ತು ವರ್ಷ ಹಿಂದೆ ಜಪಾನಲ್ಲಿ ಸಿಕ್ಕಿಬಿದ್ದ ಇರುವೆ ಈಗ ಪುಡಿಪುಡಿ ಆಗಿರ್ಬೇಕಿತ್ತಲ್ವಾ. ಮುಚ್ಚಳ ತೆಗೆದ ಕೂಡ್ಲೇ ನುಸಿಗುಳಿಗೆಯ ವಾಸನೆ, ಕಣ್ಣಲ್ಲಿ ನೀರು ಬರುವಷ್ಟು.

ನುಸಿಗುಳಿಗೆ ವಿಷಯ ನಮ್ಮ ಕರಾವಳಿಯವರು ಕಿವಿಗೊಟ್ಟು ಕೇಳಿ. ಜಿರಳೆ, ಬೂಸಲು ಅಂತ ನಾವು ಕಪಾಟಲ್ಲಿ, ಪೆಟ್ಟಿಗೆಯಲ್ಲಿ ಎಲ್ಲ ಹಾಕ್ತೇವೆ. ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಈ ಗುಳಿಗೆ ಅದಕ್ಕೆ ಆಗುದಿಲ್ಲ, ಮುಚ್ಚಿದ ಬಾಕ್ಸಲ್ಲಿ ಆ ಹೊಗೆ ವರ್ಷಗಟ್ಲೆ ತುಂಬಿ ನಿಂತ್ರೆ ಪ್ಲಾಸ್ಟಿಕ್ಕಿನ ಮೇಲ್ಮೈ ಮೆತ್ತಗಾಗ್ತದೆ. ನನ್ನ ಬಾಕ್ಸಲ್ಲಿ ಗುಳಿಗೆ ಕೂತ ಜಾಗ ಗುರ್ತ ಮಾಡ್ಬಹುದಿತ್ತು, ಬಾಡಿಯ ಮೇಲಿನ ತುಂಡಲ್ಲಿ ನಾಲ್ಕಾಣೆಯಷ್ಟು ಅಗಲದ ಒಂದು ಗುಂಡಿ, ಅಂಚು ಉಬ್ಬಿ, ಮಧ್ಯ ಹೊಳಪಿಲ್ಲದೆ. ಉಗುರಿಂದ ಒತ್ತಿದ್ರೆ ಗೆರೆ ಬೀಳ್ತದೆ.

ಆದ್ರೆ ಅದು ಪುಟ್ಟಿ ಹಾಕಿ ಉಜ್ಜಿದ್ರೆ ಸರಿ ಆದೀತು. ಟಯರ್ ಮಾತ್ರ ಸರಿ ಆಗುದಿಲ್ಲ. ಹಳೇ ಕಿಟ್ಟಿನ ಮೆತ್ತಗಿನ ಟಯರಲ್ಲಿ ಅದು ಮೆತ್ತಗೆ ಇರ್ಲಿಕ್ಕೆ ಪ್ಲಾಸ್ಟಿಸೈಜರ್ ಅಂತ ಒಂದು ಎಣ್ಣೆ ಹಾಗಿನದ್ದು ಸೇರಿಸಿರ್ತಾರೆ. ಅದು ನಿಧಾನಕ್ಕೆ ಹೊರಗೆ ಬರ್ತಾ ಇರ್ತದೆ, ಪಕ್ಕದಲ್ಲಿ ಪಾಲಿಸ್ಟೈರೀನ್ ತಾಗಿಕೊಂಡಿದ್ರೆ ಅದನ್ನು ತಿನ್ಲಿಕ್ಕೆ ಶುರು ಮಾಡ್ತದೆ, ಸೆಕೆ ಜಾಸ್ತಿ ಇದ್ದಲ್ಲಿ ಇನ್ನೂ ಬೇಗ. ನನ್ನ ಬಾಕ್ಸಲ್ಲಿ ಹಿಂದಿನ ದೊಡ್ಡ ಟಯರು ಎರಡೂ ಚೀಲದಿಂದ ಹೊರಗೆ, ಸೀದಾ ಕ್ರೋಮ್ ರಿಮ್ಮಿನ ರನ್ನರಿನ (ತುಂಡುಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಮೇಲೆ ಬಿದ್ದಿತ್ತು, ಹಲಸಿನ ಮೇಣದ ಹಾಗೆ ಅಂಟಿ ಕೂತಿತ್ತು, ಎಳೆದ್ರೆ ಕ್ರೋಮ್ ಪದರವೂ ರಿಮ್ಮಿನ ಅಂಚೂ ಒಟ್ಟಿಗೇ ಬಂತು. ಫ್ಯಾಕ್ಟರಿಯಿಂದ ಹಾಗೆ ಬರುದಿಲ್ಲ ಮಾರಾಯ್ರೆ, ಯಾರೋ ಚೀಲ ಒಡೆದಿದ್ದಾರೆ, ನೋಡಿದ್ದಾರೆ, ಬೇಕಾದ್ದು ತೆಗೆದು ಉಳಿದದ್ದು ಬಿಸಾಡಿದ ಹಾಗೆ ಒಳಗೆ ಹಾಕಿದ್ದಾರೆ.

ಬೇಕಾದ್ದು ಅಂದ್ರೆ ಮುಂದಿನ ಪುಟ್ಟ ಟಯರು. ನಾಲ್ಕರಲ್ಲಿ ಎರಡೇ ಇದ್ದದ್ದು. ಇನ್ಯಾವುದೋ ಪಿ34 ಕಟ್ಟುವವನಿಗೆ ಅದನ್ನು ಬೇರೆ ಮಾರಿರ್ಬೇಕು. ನಿಜವಾದ ಕಾರಿಗೂ ಇದೇ ಗ್ರಹಚಾರ, ಅದನ್ನು ನೆನೆಸಿದ್ರೆ ನಗು ಬರ್ತದೆ. ಹಿಂದಿನ ಟಯರನ್ನು ಗುಡ್‌ಇಯರಿನವರು ಸುಧಾರಿಸ್ತಾ ಹೋದ್ರು, ಹತ್ತಿಂಚಿನ ಮುಂದಿನ ಟಯರು ಬೇರೆ ಯಾವ ಟೀಮಿಗೂ ಬೇಡ, ಅದ್ರ ಕೆಲಸ ಹಿಂದೆ ಬಿತ್ತು, 1977ರಲ್ಲಿ ಒಂದು ರೇಸೂ ಗೆಲ್ಲದೆ ಟಿರೆಲಿನವರು 1978ಕ್ಕೆ ನಾಲ್ಕು ಚಕ್ರಕ್ಕೇ ವಾಪಸ್ ಹೋದ್ರು. 1983ರ ನಿಯಮದಲ್ಲಿ ನಾಲ್ಕಕ್ಕಿಂತ ಜಾಸ್ತಿ ಚಕ್ರವೇ ಇಲ್ಲ ಅಂತಾಯ್ತು. ಸಾಮಾನ್ಯ ಕಾರಿನ ಕಿಟ್ಟಲ್ಲಿ ಟಯರ್ ಹೋದ್ರೆ ಬೇರೆ ಕಿಟ್ಟಿಂದ ತೆಗೆದು ಹಾಕ್ಬಹುದು, ಇದಕ್ಕೆ ಎಲ್ಲಿಂದ ತರುದು.

ಡೆಕಾಲ್ ಶೀಟು ಇತ್ತು, ಬಿಳಿ ಇರ್ಬೇಕಾದ ಅಕ್ಷರ ಎಲ್ಲ ಹಳದಿ. ಅದಕ್ಕೆ ಒಂದು ಹಳೇ ಮದ್ದುಂಟು, ಪಾರದರ್ಶಕ ಚೀಲದಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗ್ಲಾಸಿಗೆ ಅಂಟಿಸಿದ್ರೆ ಹಳದಿ ನಿಧಾನಕ್ಕೆ ಇಳೀತದೆ, ಆಟಿಯಲ್ಲಿ ನಮ್ಮಲ್ಲಿ ಬಿಸಿಲು ಎಲ್ಲಿಂದ ಬರ್ಬೇಕು ಅದು ಬೇರೆ ಪ್ರಶ್ನೆ. ಬೇಡದ ಒಂದು ಸಣ್ಣ ಅಕ್ಷರ ಕೊಯ್ದು ನೀರಿಗೆ ಹಾಕಿ ನೋಡಿದೆ, ಚೂರುಚೂರಾಗಿ ತೇಲಿತು. ಅಂಥದ್ದಕ್ಕೆ ಮೇಲಿಂದ ಡೆಕಾಲ್ ಫಿಲ್ಮ್ ಲಿಕ್ವಿಡ್ ಒಂದು ಕೋಟು ಹೊಡೆದು, ಒಣಗಿದ ಮೇಲೆ ಒಂದೊಂದನ್ನೂ ಅಂಚಿಗೆ ಸರಿಯಾಗಿ ಕತ್ತರಿಸಿ ಹಾಕ್ಬಹುದು. ಯಾವ ಹಳೇ ಶೀಟಾದ್ರೂ ಸೀದಾ ನೀರಿಗೆ ಹಾಕ್ಬೇಡಿ, ಮೊದ್ಲು ಬೇಡದ್ದೊಂದು ಹಾಕಿ ನೋಡಿ.

ಸ್ಕ್ರೂ, ಸ್ಪ್ರಿಂಗ್, ವಿನೈಲ್ ಪೈಪಿನ ಚೀಲ ಇಲ್ಲವೇ ಇಲ್ಲ. ಎಂಜಿನಿನ ಮೇಲೆ ಸಾಲಾಗಿ ನಿಲ್ಲುವ ಎಂಟು ಟ್ರಂಪೆಟ್ಟಲ್ಲಿ (ಗಾಳಿ ಎಳೆಯುವ ಕೊಳವೆ) ಮೂರು ಇಲ್ಲ. ಕಾಕ್‌ಪಿಟ್ಟಿನ ಆ ಪುಟ್ಟ ಕಿಟಕಿಯ ಕ್ಲಿಯರ್ ಪೀಸು ಉಂಟು, ಅದ್ರ ಮೇಲೆ ಯಾರದ್ದೋ ಬೆರಳಚ್ಚು, ಗಮ್ಮಿನದ್ದು, ಉಜ್ಜಿದ್ರೂ ಹೋಗುದಿಲ್ಲ. ಸೀಲ್ಡ್ ಪೀಸಂತೆ!

ಫೋಟೋ ಕಳ್ಸಿ ಕೇಳಿದ್ದಕ್ಕೆ ಮೊದ್ಲು "ಹಳೇ ಐಟಮ್ ಅಲ್ವಾ ಸಾರ್" ಅಂದ. ಟಯರ್ ಎಲ್ಲಿ ಅಂದ್ರೆ "ನೀವು ಓಪನ್ ಮಾಡಿದ ಮೇಲೆ ನನ್ನ ಜವಾಬ್ದಾರಿ ಇಲ್ಲ" ಅಂದ. ಓಪನ್ ಮಾಡದೆ ಒಳಗೆ ಎಂತ ಉಂಟು ಅಂತ ತಿಳಿಲಿಕ್ಕೆ ನಾನೆಂತ ಕಣಿ ಕೇಳ್ಬೇಕಿತ್ತಾ? ಅರ್ಧ ದುಡ್ಡಾದ್ರೂ ಕೊಡಿ ಅಂದೆ. ಆಮೇಲೆ ನಂಬರೇ ಬ್ಲಾಕ್. ಯುಪಿಐಯಲ್ಲಿ ಸೀದಾ ಅವನ ಖಾತೆಗೆ ಹೋದ ದುಡ್ಡು, ಮಧ್ಯದಲ್ಲಿ ಯಾವ ಸೈಟೂ ಇಲ್ಲ, ರಿಟರ್ನೂ ಇಲ್ಲ. ದುಡ್ಡು ತಕ್ಕೊಂಡು ಪಾರ್ಸೆಲ್ಲೇ ಕಳ್ಸದವರ ಮೇಲಾದ್ರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡ್ಲೇ ಫೋನ್ ಮಾಡ್ಬಹುದು, ಇಂಥವರು ಅದಕ್ಕೇ ಏನಾದ್ರೊಂದು ಕಳ್ಸಿಯೇ ಕಳ್ಸ್ತಾರೆ.

ಹಾಗಾಗಿ ಹಳೇ ದೊಡ್ಡ ಕಿಟ್ ಯಾರತ್ರ ತಕ್ಕೊಳ್ಳುದಾದ್ರೂ ಹೊರಗಿನ ರ್ಯಾಪಿಗೆ ಒಂದು ರೂಪಾಯಿ ಜಾಸ್ತಿ ಕೊಡ್ಬೇಡಿ. ನನ್ನತ್ರ ಕೇಳಿದ್ರೆ ಓಪನ್ ಬಾಕ್ಸೇ ಒಳ್ಳೇದು. ರನ್ನರ್ ಎಲ್ಲ ನೆಲದಲ್ಲಿ ಹರಡಿ ಎ, ಬಿ, ಸಿ ಅಕ್ಷರ ಕಾಣುವ ಹಾಗೆ ಒಂದು ಫೋಟೋ ಕೇಳಿ, ಪಕ್ಕದಲ್ಲಿ ನಿಮ್ಮ ಹೆಸರು ಬರೆದ ಚೀಟಿ ಇಡ್ಲಿಕ್ಕೆ ಹೇಳಿ, ಇಲ್ಲಾಂದ್ರೆ ಇಂಟರ್ನೆಟ್ಟಿಂದ ಎತ್ತಿದ ಫೋಟೋ ಬರ್ತದೆ. ಡೆಕಾಲ್ ಬಿಳಿ ಕಾಗದದ ಪಕ್ಕ ಇಟ್ಟು ಹಗಲು ಬೆಳಕಲ್ಲಿ ತೆಗೀಬೇಕು, ಹಳದಿ ಬಲ್ಬಿನ ಕೆಳಗೆ ತೆಗೆದ್ರೆ ಎಲ್ಲವೂ ಹಳದಿಯೇ, ಅದನ್ನೇ ನೆಪ ಹೇಳ್ತಾರೆ. ಟಯರ್ ಒಂದೊಂದಾಗಿ ತಿರುಗಿಸಿ ವೀಡಿಯೋ. ಇನ್‌ಸ್ಟ್ರಕ್ಷನ್ನಿನಲ್ಲಿ ಪಾರ್ಟ್ಸ್ ಪಟ್ಟಿಯ ಚಿತ್ರ ಇರ್ತದೆ, ಹೆಚ್ಚಿನ ಕಿಟ್ಟಿಂದು ಹುಡುಕಿದ್ರೆ ಸಿಗ್ತದೆ, ಅದನ್ನು ಪಕ್ಕದಲ್ಲಿಟ್ಟು ತಾಳೆ ನೋಡಿ. ಇಷ್ಟು ಕೇಳುವಾಗ ಸಿಟ್ಟು ಮಾಡುವವನ ಹತ್ರ ತಕ್ಕೊಳ್ಳುದೇ ಬೇಡ, ನಿಜವಾಗಿ ಕಟ್ಟುವವ ಕೇಳದೆಯೇ ಅರ್ಧ ಗಂಟೆ ತೋರಿಸ್ತಾನೆ. ಪಾರ್ಸೆಲ್ ಬಂದಾಗ ಲೇಬಲ್ಲಿಂದ ಶುರು ಮಾಡಿ ಎಲ್ಲೂ ಕಟ್ ಮಾಡದೆ ವೀಡಿಯೋ ತೆಗೀರಿ.

ಮತ್ತೆ ನಿಮ್ಮ ಅಟ್ಟದಲ್ಲಿ ಕಟ್ಟದೆ ಇಟ್ಟ ಕಿಟ್ ಇದ್ರೆ ಇವತ್ತೇ ಒಮ್ಮೆ ತೆಗೆದು ಟಯರನ್ನು ಬೇರೆ ಪಾಲಿಥೀನ್ ಚೀಲಕ್ಕೆ ಹಾಕಿ, ಡೆಕಾಲನ್ನು ಜಿಪ್ ಕವರಲ್ಲಿ ಚಪ್ಪಟೆ ಇಡಿ, ನುಸಿಗುಳಿಗೆ ಇದ್ರೆ ಹೊರಗೆ ಬಿಸಾಡಿ, ಅದ್ರ ಬದಲು ಸಿಲಿಕಾ ಜೆಲ್ ಸಾಕು.

ಇದನ್ನು ಈಗ ಬರೀಲಿಕ್ಕೆ ಕಾರಣ, ಮೊನ್ನೆ ಒಬ್ಬರು ನನಗೆ ಒಂದು ಫೋಟೋ ಕಳ್ಸಿ "ಅಣ್ಣಾ, ಇದು ತಕ್ಕೊಳ್ಬಹುದಾ" ಅಂತ ಕೇಳಿದ್ರು. ತಮಿಯಾ 1/12 ಲೋಟಸ್ 49, ಫ್ಯಾಕ್ಟರಿ ಸೀಲ್ಡ್, ಬೇರೆ ಹೆಸರು, ಬೇರೆ ನಂಬರು. ಬಾಕ್ಸಿನ ಕೆಳಗೆ ಹಾಸಿದ ಹಸಿರು ಹೂವಿನ ಟೇಬಲ್ ಕ್ಲಾತು, ಅದ್ರ ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ ಸುಟ್ಟ ಕಲೆ, ನನಗೆ ಬಂದ ಫೋಟೋದಲ್ಲಿ ಇದ್ದದ್ದೇ. ಒಳಗಿನ ಫೋಟೋ ಕೇಳಿ ಅಂದೆ. ಕೇಳಿದ್ರಂತೆ, ಸೀಲ್ ಒಡೆದ್ರೆ ವ್ಯಾಲ್ಯೂ ಹೋಗ್ತದೆ ಅಂದನಂತೆ. ಇಪ್ಪತ್ತೆರಡು ಸಾವಿರ ಹೇಳ್ತಾ ಇದ್ದಾನೆ, ಅರ್ಧ ಅಡ್ವಾನ್ಸ್ ಅಂತೆ. ಯಾರಾದ್ರೂ ಆಗ್ಲೇ ಹಾಕಿದ್ರೆ ಉಳಿದರ್ಧ ಹಾಕುವ ಮೊದ್ಲು ನನಗೊಂದು ಮೆಸೇಜ್ ಮಾಡಿ, ನನ್ನ ಫೋಟೋ ಕಳ್ಸ್ತೇನೆ, ಟೇಬಲ್ ಕ್ಲಾತ್ ನೀವೇ ತಾಳೆ ನೋಡಿ.