ಕೂಲರ್ ಪಕ್ಕದ ಕಪಾಟು: ತೇವ ತಡೆಯುವ ಎಚ್‌ಡಿಎಚ್‌ಎಂಆರ್ ಬೋರ್ಡಿನ ಜೊತೆ ಒಂದೂವರೆ ವರ್ಷ

ರಾಯಚೂರಿನಲ್ಲಿ ಕೂತು ಮರಕ್ಕೆ ತೇವದ ಕಾಟ ಅಂದರೆ ಕೇಳಿದವರು ನಗುತ್ತಾರೆ. ಮೇ ತಿಂಗಳಲ್ಲಿ ಹಿತ್ತಲಿಗೆ ಹಾಕಿದ ಸೀರೆ ಇನ್ನೊಂದು ಹಾಕುವಷ್ಟರಲ್ಲಿ ಒಣಗಿ ಹಪ್ಪಳವಾಗುವ ಊರು ಇದು. ಅದೇ ಧೈರ್ಯದ ಮೇಲೆ ನಾನು ಕೆಲವು ವರ್ಷದ ಹಿಂದೆ ನನ್ನ ಹೊಲಿಗೆ ಕೋಣೆಗೆ ಒಂದು ರೆಡಿಮೇಡ್ ಕಪಾಟು ತಂದೆ. ಪಾರ್ಟಿಕಲ್ ಬೋರ್ಡಿನದು, ಅಂದರೆ ಮರದ ಹೊಟ್ಟಿಗೆ ಅಂಟು ಹಾಕಿ ಒತ್ತಿದ್ದು. ನೋಡೋಕೆ ತೇಗದ ಥರ, ಮೇಲೆ ಕನ್ನಡಿ ಬೇರೆ. ಎರಡನೇ ಬೇಸಿಗೆ ಮುಗಿಯುವಷ್ಟರಲ್ಲಿ ಅದರ ಬುಡ ಚಹಾದಲ್ಲಿ ಅದ್ದಿದ ಟೋಸ್ಟ್‌ನಂತೆ ಉಬ್ಬಿತ್ತು. ಬಾಗಿಲು ಮುಚ್ಚುತ್ತಿರಲಿಲ್ಲ. ಕೀಲಿನ ಸ್ಕ್ರೂ ಎಳೆದರೆ ಹೊಟ್ಟಿನ ಸಮೇತ ಕೈಗೇ ಬಂತು.

ಮಳೆ ಸೋರಿಲ್ಲ, ನಲ್ಲಿ ಒಡೆದಿಲ್ಲ. ಹಾಗಾದರೆ ನೀರು ಎಲ್ಲಿಯದು? ಒಂದು ಸಂಜೆ ಸುಮ್ನೆ ಕೂತು ಯೋಚಿಸಿದೆ. ಮಾರ್ಚ್‌ನಿಂದ ಜೂನ್‌ವರೆಗೆ ನಮ್ಮ ಕೂಲರ್ ಹಗಲು ರಾತ್ರಿ ಓಡುತ್ತದೆ. ಅದರ ತಣ್ಣನೆ ಒದ್ದೆ ಗಾಳಿ ನೇರವಾಗಿ ಕಪಾಟಿನ ಪಕ್ಕೆಗೇ ಬಡಿಯುತ್ತಿತ್ತು. ಅಮಾವಾಸ್ಯೆ ಹುಣ್ಣಿಮೆಗೆ ಅತ್ತೆ ಬಕೆಟ್‌ಗಟ್ಟಲೆ ನೀರು ಸುರಿದು ಪರ್ಸಿ ನೆಲ ತೊಳೆಯುತ್ತಾರೆ. ಅದು ಬೇಡ ಅನ್ನೋಕೆ ಯಾರಿಗೆ ಧೈರ್ಯ? ಮೂಲೆಯಲ್ಲಿ ನೀರು ತುಂಬಿದ ಡ್ರಮ್ಮು. ಮೇಲೆ ನನ್ನ ಸ್ಟೀಮ್ ಇಸ್ತ್ರಿ. ಊರು ಒಣಗಿದ್ದರೇನು, ಆ ಕೋಣೆ ಮಾತ್ರ ಮಲೆನಾಡು.

ಎರಡನೇ ಸಲ ರೆಡಿಮೇಡ್ ಬೇಡ ಅಂತ ನಮ್ಮ ಬಡಿಗೇರರನ್ನು ಕರೆದೆ. ಮೊದಲು ಹೋದ ಅಂಗಡಿಯಲ್ಲಿ ಒಂದು ಹಸಿರು ಬಣ್ಣದ ಬೋರ್ಡು ತೋರಿಸಿ, "ಇದು ಫುಲ್ ವಾಟರ್‌ಪ್ರೂಫ್" ಅಂದರು. ಅದರ ಒಳಗೆಲ್ಲ ಹಸಿರೇ ಹಸಿರು. ನಾನು ಮರುಳಾಗಿದ್ದೆ. ಬಡಿಗೇರರು ಹೊರಗೆ ಕರೆದು ಹೇಳಿದರು: "ಅಕ್ಕಾರ, ಬಣ್ಣ ನೋಡಿ ಮೋಸ ಹೋಗಬ್ಯಾಡ್ರಿ. ಹಸಿರು ಬಣ್ಣ ಯಾರ್ ಬೇಕಾದ್ರೂ ಹಾಕ್ತಾರ." ಮಾತು ನಿಜ. ತೇವ ತಡೆಯುವುದು ಒಳಗಿನ ಅಂಟು ಮತ್ತು ಮೇಣ. ಹಸಿರು ಬರೀ ಗುರುತಿಗೆ. ಇನ್ನು ವಾಟರ್‌ಪ್ರೂಫ್ ಅನ್ನುವುದು ಬೇರೆ, ತೇವ ತಡೆದುಕೊಳ್ಳುತ್ತದೆ ಅನ್ನುವುದು ಬೇರೆ. ಇಂಥ ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿದ) ಜಾತಿಯ ಯಾವ ಬೋರ್ಡೂ ನೀರಲ್ಲಿ ನೆನೆಯೋಕೆ ಹುಟ್ಟಿದ್ದಲ್ಲ.

ಎರಡನೇ ಅಂಗಡಿಯವರು ಚೂರುಗಳನ್ನು ಸುಮ್ನೆ ಕೊಟ್ಟರು. ಪಾರ್ಟಿಕಲ್ ಬೋರ್ಡು, ಸಾದಾ ಎಂಡಿಎಫ್, ಎಚ್‌ಡಿಎಚ್‌ಎಂಆರ್ (ತೇವ ತಡೆಯುವಂತೆ ಒತ್ತೊತ್ತಾಗಿ ಮಾಡಿದ ನಾರಿನ ಬೋರ್ಡು), ನೀರು ತಡೆಯುವ ಐಎಸ್ 710 ನಂಬರಿನ ಪ್ಲೈವುಡ್, ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ್ದು), ಎಲ್ಲ ಅಂಗೈ ಅಗಲದವು, 18 ಎಂಎಂ ದಪ್ಪ. ಮನೆಗೆ ತಂದು ರಾತ್ರಿ ಬಕೆಟ್‌ನಲ್ಲಿ ಮುಳುಗಿಸಿ ಮೇಲೆ ಕುಟ್ಟಾಣಿ ಹೇರಿದೆ. ದಪ್ಪ ಅಳೆಯೋಕೆ ಮಗನ ಡಿಪ್ಲೊಮಾ ಕಾಲದ ವರ್ನಿಯರ್ ಇತ್ತು. ಮರುದಿನ ರಾತ್ರಿ ಅಳೆದರೆ ಪಾರ್ಟಿಕಲ್ ಬೋರ್ಡು 22 ಎಂಎಂ ಆಗಿ, ಅಂಚು ಬೆರಳಿಗೆ ಉದುರುತ್ತಿತ್ತು. ಸಾದಾ ಎಂಡಿಎಫ್ 20 ದಾಟಿತ್ತು. ಎಚ್‌ಡಿಎಚ್‌ಎಂಆರ್, ಪ್ಲೈ ಎರಡೂ ಉಬ್ಬಿದ್ದು ಒಂದು ಎಂಎಂ ಒಳಗೇ. ಡಬ್ಲ್ಯೂಪಿಸಿ ಇದ್ದ ಹಾಗೇ ಇತ್ತು. ಇದೇನು ಲ್ಯಾಬ್ ಪರೀಕ್ಷೆ ಅಲ್ಲ, ನನ್ನ ಸಮಾಧಾನಕ್ಕೆ ಮಾಡಿದ್ದು. ಆದರೆ ಒಂದು ಪಾಠ ಸಿಕ್ಕಿತು. ಚೂರುಗಳನ್ನು ಬಿಸಿಲಿಗಿಟ್ಟು ಎರಡು ದಿನ ಒಣಗಿಸಿದೆ. ಪ್ಲೈ ಬಹುಪಾಲು ಹಳೇ ದಪ್ಪಕ್ಕೆ ಬಂತು. ಎಂಡಿಎಫ್ ಬರಲಿಲ್ಲ. ಮರದ ನಾರನ್ನು ಬಿಸಿಯಲ್ಲಿ ಒತ್ತಿ ಒತ್ತಿ ತೆಳ್ಳಗೆ ಮಾಡಿರುತ್ತಾರೆ, ನೀರು ಕುಡಿದರೆ ಅದು ಒತ್ತಡ ಬಿಟ್ಟು ಮೇಲೇಳುತ್ತದೆ. ಎದ್ದದ್ದು ಮತ್ತೆ ಮಲಗುವುದಿಲ್ಲ.

ನನ್ನ ತವರು ಕೊಪ್ಪಳದ ಕಡೆ. ಕಿನ್ನಾಳದ ಗೊಂಬೆ ಮಾಡುವವರು ಮರದ ಹೊಟ್ಟಿಗೆ ಹುಣಸೆಬೀಜದ ಅಂಟು ಕಲಸಿ ಹದ ಮಾಡುತ್ತಾರೆ, ಆಮೇಲೆ ಬಣ್ಣ ಬಳಿದು ಮುಚ್ಚುತ್ತಾರೆ. ಎಂಡಿಎಫ್ ಅಂದರೆ ಅದರ ಮೊಮ್ಮಗನೇ ಅಲ್ವಾ? ನಮ್ಮವ್ವ ಗೊಂಬೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸೋಕೆ ಬಿಡುತ್ತಿರಲಿಲ್ಲ. ಆ ಬುದ್ಧಿ ನನಗೆ ಕಪಾಟಿನ ವಿಷಯದಲ್ಲಿ ಹೊಳೆಯಲಿಲ್ಲ ನೋಡಿ.

ಕೊನೆಗೆ ಕಪಾಟಿನ ಡಬ್ಬಿಗೆ ಎಚ್‌ಡಿಎಚ್‌ಎಂಆರ್, ಬಟ್ಟೆ ಥಾನಿನ ಭಾರ ಹೊರುವ ಅಡ್ಡ ಹಲಗೆಗಳಿಗೆ 710 ಪ್ಲೈ ಅಂತ ತೀರ್ಮಾನವಾಯಿತು. ಎಂಟು ಬೈ ನಾಲ್ಕರ ಐದು ಶೀಟು ಎಚ್‌ಡಿಎಚ್‌ಎಂಆರ್, ಚದರ ಅಡಿಗೆ 92 ರೂಪಾಯಿ, ಒಟ್ಟು 14,720. ಪಾರ್ಟಿಕಲ್ ಬೋರ್ಡಿಗಿಂತ ಜಾಸ್ತಿ, ಒಳ್ಳೆ ಪ್ಲೈಗಿಂತ ಕಡಿಮೆ. ಪ್ಲೈ ತರುವಾಗ ಐಎಸ್‌ಐ ಗುರುತಿನ ಜೊತೆಗೆ ನಂಬರು ನೋಡಿ. 303 ಅಂತಿದ್ದರೆ ಸಾಮಾನ್ಯ ಬಳಕೆಗೆ, 710 ಅಂದರೆ ಮರೈನ್, ನೀರು ತಾಗುವ ಕಡೆಗೆ. 710ರ ಅಂಟನ್ನು 72 ತಾಸು ಕುದಿಯುವ ನೀರಿನಲ್ಲಿ ಹಾಕಿ ಪರೀಕ್ಷೆ ಮಾಡಬೇಕೆಂಬ ನಿಯಮ ಇದೆ. ಮುದ್ರೆಯ ಕೆಳಗಿನ ಸಿಎಂ/ಎಲ್ ನಂಬರನ್ನು, ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಲೈಸೆನ್ಸು ಅಂತ ತಿಳಿಯುತ್ತದೆ. ನಾನು ಅಂಗಡಿಯಲ್ಲೇ ನಿಂತು ಹಾಕಿ ನೋಡಿದೆ. ಮಾಲೀಕರ ಮುಖ ಸ್ವಲ್ಪ ಸಣ್ಣಗಾಯಿತು, ಆದರೆ ನಂಬರು ಸರಿ ಇತ್ತು.

ಎಚ್‌ಡಿಎಚ್‌ಎಂಆರ್ ಬೋರ್ಡಿನ ಗುಣ ಹೇಳಬೇಕೆಂದರೆ, ಮೈ ನುಣುಪು. ಸನ್‌ಮೈಕಾ ಅಂಟಿಸಿದರೆ ಏರುತಗ್ಗು ಕಾಣುವುದಿಲ್ಲ. ಸ್ಕ್ರೂ ಗಟ್ಟಿಯಾಗಿ ಹಿಡಿಯುತ್ತದೆ, ಮೊದಲು ಸಣ್ಣ ತೂತು ಕೊರೆದುಕೊಂಡರೆ ಮಾತ್ರ. ಆತುರಪಟ್ಟು ಅಂಚಿಗೆ ನೇರವಾಗಿ ಸ್ಕ್ರೂ ಹೊಡೆದರೆ ಸೀಳುತ್ತದೆ, ನಮ್ಮಲ್ಲಿ ಒಂದು ಕಡೆ ಸೀಳಿಯೇ ಬಿಟ್ಟಿತು. ಇನ್ನು ತೂಕ! ಒಂದು ಶೀಟು ಹತ್ತಿರ ಹತ್ತಿರ 45 ಕೇಜಿ. ಮೇಲಿನ ಮಹಡಿಗೆ ಏರಿಸುವಾಗ ಇಬ್ಬರು ಹುಡುಗರು ನಡುವೆ ಎರಡು ಸಲ ನಿಂತರು. ಕೊಯ್ಯುವಾಗ ಬ್ಲೇಡು ಬೇಗ ಮೊಂಡಾಯಿತು ಅಂತ ಬಡಿಗೇರರ ಗೊಣಗಾಟ. ಧೂಳು ಹಿಟ್ಟಿನಂತೆ ಸಣ್ಣದು, ಅದರಲ್ಲಿ ಅಂಟೂ ಸೇರಿರುತ್ತದೆ. ಮಾಸ್ಕ್ ಇಲ್ಲದೆ ಹತ್ತಿರ ಹೋಗಬೇಡಿ. ವಾಸನೆಯೂ ಒಂದು ವಾರ ಇತ್ತು, ಕಿಟಕಿ ತೆಗೆದಿಟ್ಟೆವು.

ಆದರೆ ನನ್ನ ಮಟ್ಟಿಗೆ ಅರ್ಧ ಕೆಲಸ ಬೋರ್ಡಿನದು, ಉಳಿದರ್ಧ ಅಂಚಿನದು. ನೀರು ಮುಖದಿಂದ ಒಳಗೆ ಹೋಗುವುದು ಕಡಿಮೆ, ಕೊಯ್ದ ಅಂಚಿನಿಂದಲೇ ಹೋಗುತ್ತದೆ. ಇದು ನಮ್ಮಂಥ ಟೇಲರ್‌ಗೆ ಹೇಳಿಕೊಡಬೇಕಾ? ಬಟ್ಟೆ ಎಷ್ಟೇ ಗಟ್ಟಿ ಇರಲಿ, ಕತ್ತರಿಸಿದ ಕಡೆ ಓವರ್‌ಲಾಕ್ ಹಾಕದಿದ್ದರೆ ಅಲ್ಲಿಂದಲೇ ಎಳೆ ಬಿಚ್ಚುತ್ತದೆ. ಕಣ್ಣಿಗೆ ಕಾಣುವ ಅಂಚಿಗೆಲ್ಲ ಪಿವಿಸಿ ಟೇಪನ್ನು ಅಂಗಡಿಯ ಮೆಷಿನ್‌ನಲ್ಲೇ ಹಚ್ಚಿಸಿದೆವು. ಕಾಣದ ಅಂಚುಗಳನ್ನು ಬಡಗಿಗಳು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ಬುಡ, ಬೆನ್ನು, ವೈರ್ ಹೋಗಲು ಕೊರೆದ ತೂತು. ನನ್ನ ಹಳೇ ಕಪಾಟು ಸತ್ತದ್ದು ಅಲ್ಲೇ. ಈ ಸಲ ನಾನೇ ಬ್ರಶ್ ಹಿಡಿದು ಕೂತೆ. ಮೊದಲು 220 ನಂಬರಿನ ಉಜ್ಜುಕಾಗದ. ಆಮೇಲೆ ಪಿಯು (ಪಾಲಿಯುರೆಥೇನ್) ಸೀಲರ್ ತೆಳ್ಳಗೆ ಮಾಡಿ ಒಂದು ಕೋಟು, ಅದನ್ನು ಅಂಚು ಗಟಗಟ ಕುಡಿಯಿತು. ಒಣಗಿದ ಮೇಲೆ ಎದ್ದ ನಾರನ್ನು ಮತ್ತೆ ಉಜ್ಜಿ, ದಪ್ಪಗೆ ಇನ್ನೆರಡು ಕೋಟು. ನೀರಿನ ಪ್ರೈಮರ್ ಹಚ್ಚಬಾರದು, ಅದೇ ನಾರನ್ನು ಉಬ್ಬಿಸುತ್ತದೆ. ಬಿಳಿ ಫೆವಿಕಾಲ್ ಬಳಿದು ಸೀಲ್ ಮಾಡಿದೆ ಅನ್ನುವವರೂ ಇದ್ದಾರೆ, ಸಾದಾ ಬಿಳಿ ಅಂಟು ಒದ್ದೆಯಾದರೆ ಮೆತ್ತಗಾಗುತ್ತದೆ. ಪಿಯು ಸಿಗದಿದ್ದರೆ ಆಯಿಲ್ ಪೇಂಟ್ ಎರಡು ಕೋಟು ಹಚ್ಚಿದರೂ ನಡೆಯುತ್ತದೆ.

ಮತ್ತೆ ಕಪಾಟನ್ನು ನೆಲಕ್ಕೆ ಕೂರಿಸಲೇ ಇಲ್ಲ. ನಾಲ್ಕು ಇಂಚಿನ ಪಿವಿಸಿ ಕಾಲು ಹಾಕಿಸಿದೆ. ಈಗ ಅತ್ತೆ ನೀರು ಸುರಿದರೆ ಕೆಳಗಿಂದ ಹಾದು ಹೋಗುತ್ತದೆ, ಪೊರಕೆಯೂ ಆಡುತ್ತದೆ. ಗೋಡೆಯಿಂದ ಅರ್ಧ ಇಂಚು ಬಿಟ್ಟಿದೆ. ಕೂಲರ್‌ನ ಮುಖ ಕಪಾಟಿನ ಕಡೆಯಿಂದ ಬಾಗಿಲ ಕಡೆಗೆ ತಿರುಗಿತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಅಡಿಗೆಮನೆಗೂ ಇದೇ ಬೋರ್ಡು ಹಾಕಿಸೋಣ ಅಂತ ಮನೆಯವರು ಅಂದರು. ಮೇಲಿನ ಕಪಾಟಿಗೆ ಸರಿ ಅಂದೆ. ಸಿಂಕ್ ಕೆಳಗೆ ಮಾತ್ರ ಬೇಡ. ಅಲ್ಲಿ ಮಾವನ ಕಾಲದ ಕಡಪಾ ಕಲ್ಲಿನ ರ್‍ಯಾಕ್ ಇದೆ. ನೋಡೋಕೆ ಕಪ್ಪಗೆ, ಮಾಡರ್ನ್ ಅಲ್ಲ, ಆದರೆ ಉಬ್ಬಲ್ಲ, ಗೆದ್ದಲು ತಿನ್ನಲ್ಲ. ಅದಕ್ಕೆ ಬಾಗಿಲು ಮಾತ್ರ ಡಬ್ಲ್ಯೂಪಿಸಿಯದು ಹಾಕಿಸಿದೆವು. ಡಬ್ಲ್ಯೂಪಿಸಿಗೆ ನೀರಿನ ಭಯವಿಲ್ಲ, ಆದರೆ ಉದ್ದದ ಹಲಗೆ ಮಾಡಿ ಭಾರ ಹೇರಿದರೆ ನಡು ಬಗ್ಗುತ್ತದೆ. ಎರಡು ಬೇಳೆ ಡಬ್ಬಿಗೇ ಪಕ್ಕದ ಮನೆಯವರದು ಬಗ್ಗಿದೆ.

ಒಂದೂವರೆ ವರ್ಷದಲ್ಲಿ ಒಂದು ಪೂರ್ತಿ ಬೇಸಿಗೆ, ಒಂದು ಮಳೆಗಾಲ ದಾಟಿದೆ. ಕಪಾಟಿನ ಬುಡ ವರ್ನಿಯರ್‌ನಲ್ಲಿ ಇನ್ನೂ 18. ದೂರು ಒಂದೇ. ಇಸ್ತ್ರಿ ಇಡುವ ಕಡೆ ಅಂಚಿನ ಟೇಪು ಒಂದು ಗೇಣಿನಷ್ಟು ಎದ್ದಿತು. ಮೆಷಿನ್‌ನಲ್ಲಿ ಬಳಸುವ ಅಂಟು ಬಿಸಿಗೆ ಕರಗುವಂಥದ್ದು, ಹಬೆಯ ಬಿಸಿಗೆ ಬಿಟ್ಟಿದೆ. ಬಿಸಿ ತಡೆಯುವ ಪಿಯುಆರ್ ಅಂಟು ಇದೆಯಾ ಅಂತ ಅಂಗಡಿಯಲ್ಲಿ ಕೇಳಿದೆ, ಅವರ ಹತ್ತಿರ ಇರಲಿಲ್ಲ. ಬಡಿಗೇರರು ಬರೋಕೆ ಎಂಟು ದಿನ ಅಂದರು. ಅಷ್ಟು ಯಾರು ಕಾಯುತ್ತಾರೆ? ಟೇಪಿನ ಮೇಲೆ ಹತ್ತಿ ಬಟ್ಟೆ ಹಾಸಿ, ಇಸ್ತ್ರಿಯನ್ನು ಸಣ್ಣ ಬಿಸಿಯಲ್ಲಿಟ್ಟು ನಿಧಾನ ಎಳೆದೆ. ಒಳಗಿನ ಅಂಟು ಕರಗಿತು. ತಣ್ಣಗಾಗುವವರೆಗೆ ಮರದ ಸ್ಕೇಲಿನಿಂದ ಒತ್ತಿ ಹಿಡಿದೆ, ಅಂಟಿಕೊಂಡಿತು. ಬಡಿಗೇರರು ಬಂದವರು ಉಗುರಿನಿಂದ ಕೆರೆದು ನೋಡಿ, "ಅಕ್ಕಾರ, ಇನ್ನ ನನ್ನ ಯಾಕ ಕರೀತೀರಿ?" ಅಂದರು. ಇಸ್ತ್ರಿ ಸ್ಟ್ಯಾಂಡನ್ನು ಅಲ್ಲಿಂದ ಎತ್ತಿ ಕಿಟಕಿ ಕಟ್ಟೆಯ ಮೇಲಿಟ್ಟಿದ್ದೇನೆ.